ಮಾಳಿಗೆಯ ಮೇಲಿನ ಮೊಲದ ಗೂಡು ಮತ್ತು ತೊಳೆದರೂ ಹೋಗದ ವಾಸನೆ

ಪ್ರಶ್ನೆ: ಡಾಕ್ಟರೇ, ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ. ಮಗಳ ಆಸೆಗೆಂದು ದೀಪಾವಳಿಯ ಹೊತ್ತಿಗೆ ಎರಡು ಬಿಳಿ ಮೊಲದ ಮರಿಗಳನ್ನು ತಂದೆವು. ಎರಡೂ ಹೆಣ್ಣು ಎಂದು ಅಂಗಡಿಯವರು ಹೇಳಿದ್ದರು. ಮಾಳಿಗೆಯ ಮೇಲೆ ಪತ್ರಾಸಿನ ನೆರಳಿನಲ್ಲಿ, ತಳಕ್ಕೆ ತಂತಿ ಜಾಳಿಗೆ ಹೊಡೆದ ಮೂರು ಅಡಿ ಉದ್ದದ ಕಟ್ಟಿಗೆಯ ಗೂಡಿನಲ್ಲಿ ಇಟ್ಟಿದ್ದೇವೆ. ದಿನವೂ ಬೆಳಿಗ್ಗೆ ನೀರು ಹೊಡೆದು, ಫಿನೈಲ್ ಹಾಕಿ ತೊಳೆಯುತ್ತೇವೆ. ಆದರೂ ಮಧ್ಯಾಹ್ನವಾಗುತ್ತಲೇ ಮೂಗು ಮುಚ್ಚಿಕೊಳ್ಳುವಷ್ಟು ವಾಸನೆ. ಪಕ್ಕದ ಮನೆಯವರು ಬೇಸರ ಹೇಳಿಕೊಂಡಿದ್ದಾರೆ. ಗೂಡಿನ ಕೆಳಗಿನ ಫರಸಿಯ ಮೇಲೆ ಬಿಳಿ ಕಲೆ ಗಟ್ಟಿಯಾಗಿ ಕೂತಿದೆ. ಒಂದು ಮೊಲದ ಹಿಂಗಾಲಿನ ಅಡಿಯಲ್ಲಿ ಕೂದಲು ಉದುರಿ ಕೆಂಪಾಗಿದೆ. ಮೊಲಗಳಿಗೆ ವಾರಕ್ಕೊಮ್ಮೆ ಸ್ನಾನ ಮಾಡಿಸಬೇಕೇ? ಗೂಡು ಹೇಗಿರಬೇಕು? ಬೇಸಿಗೆ ಹತ್ತಿರವಾಗುತ್ತಿರುವುದರಿಂದ ಹೆದರಿಕೆಯಾಗಿದೆ.

ಉತ್ತರ: ಮೊದಲು ಕಾಲಿನ ವಿಷಯ ಹೇಳುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ನಾಯಿ ಮತ್ತು ಬೆಕ್ಕಿಗೆ ಅಂಗಾಲಿನಲ್ಲಿ ದಪ್ಪ ಚರ್ಮದ ಮೆತ್ತೆಗಳಿರುತ್ತವೆ. ಮೊಲಕ್ಕೆ ಅವಿಲ್ಲ, ಒತ್ತಾಗಿ ಬೆಳೆದ ಕೂದಲೊಂದೇ ಅದರ ಅಂಗಾಲನ್ನು ಕಾಯುತ್ತದೆ. ಕುಳಿತ ಮೊಲದ ಭಾರದ ಬಹುಪಾಲು ಹಿಂಗಾಲಿನ ಹಿಮ್ಮಡಿಯ ಮೇಲೆ ಬೀಳುವುದರಿಂದ, ತಂತಿಯ ತಳವಿರುವ ಇಕ್ಕಟ್ಟಾದ ಗೂಡಿನಲ್ಲಿ ದಿನವಿಡೀ ಕುಳಿತಾಗ ಆ ಕೂದಲು ಸವೆದು, ಚರ್ಮ ಕೆಂಪಾಗಿ, ಕೊನೆಗೆ ಒಡೆದು ಹುಣ್ಣಾಗುತ್ತದೆ. ಅಲ್ಲಿ ಮೂತ್ರದ ತೇವವೂ ಸೇರಿದರೆ ಸೋಂಕು ಆಳಕ್ಕಿಳಿದು ಎಲುಬನ್ನು ಮುಟ್ಟಬಹುದು. ಕೆಂಪಾಗಿರುವ ಹಂತದಲ್ಲಿಯೇ ಇದ್ದರೆ ತಳವನ್ನು ಬದಲಿಸಿದಷ್ಟಕ್ಕೇ ಗುಣವಾಗುವ ಸಾಧ್ಯತೆ ಹೆಚ್ಚು, ಚರ್ಮ ಒಡೆದಿದ್ದರೆ ಈ ವಾರದೊಳಗೆ ಪಶುವೈದ್ಯರಿಗೆ ತೋರಿಸಲೇಬೇಕು. ಇಂದೇ ಮಾಡಬಹುದಾದ ಕೆಲಸವೆಂದರೆ ತಂತಿಯ ಮೇಲೆ ಒಣಗಿದ ಈಚಲ ಚಾಪೆಯನ್ನು ಹಾಸಿ, ಅದರ ಮೇಲೆ ನಾಲ್ಕು ಬೆರಳು ದಪ್ಪ ಒಣಹುಲ್ಲು ಹರಡುವುದು. ಅರಿಸಿನವನ್ನು ಎಣ್ಣೆಯಲ್ಲಿ ಕಲಸಿ ಹಚ್ಚಬೇಡಿ. ಎಣ್ಣೆಗೆ ಹೊಲಸು ಅಂಟಿಕೊಳ್ಳುತ್ತದೆ, ಉಳಿದ ಕೂದಲೂ ಜಡೆಗಟ್ಟುತ್ತದೆ. ಮನೆಯಲ್ಲಿ ಮಕ್ಕಳಿಗೆಂದು ತಂದು ಉಳಿದಿರುವ ಆಂಟಿಬಯೋಟಿಕ್ ಔಷಧವನ್ನಂತೂ ಕೊಡಲೇಬೇಡಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂತಹ ಔಷಧಗಳನ್ನು ಬಾಯಿಂದ ಕೊಟ್ಟರೆ ಮೊಲದ ಕರುಳಿನಲ್ಲಿರುವ ಉಪಯುಕ್ತ ಸೂಕ್ಷ್ಮಜೀವಿಗಳು ಸತ್ತು, ಅಪಾಯಕಾರಿ ಜಾತಿಗಳು ಹೆಚ್ಚಿ, ಕೆಲವೇ ದಿನಗಳಲ್ಲಿ ಮೊಲ ಸಾಯಬಹುದು.

ಇನ್ನು ವಾಸನೆ. ಶುಚಿಯ ವಿಷಯದಲ್ಲಿ ನಿಮ್ಮ ಶ್ರಮ ಕಡಿಮೆಯಾಗಿಲ್ಲ, ಆದರೆ ದಿನವೂ ಹೊಡೆಯುವ ನೀರೇ ನಿಮ್ಮ ಗೂಡಿನ ವಾಸನೆಯನ್ನು ಸಾಕುತ್ತಿದೆ. ಮೊಲದ ಹಿಕ್ಕೆಗೆ ವಾಸನೆ ಬಹಳ ಕಡಿಮೆ. ಬೆಳೆದ ಮೊಲವೊಂದು ದಿನಕ್ಕೆ 200ರಿಂದ 300 ಹಿಕ್ಕೆಗಳನ್ನು ಹಾಕಿದರೂ, ಅವು ಗಟ್ಟಿಯಾಗಿ, ಒಣಗಿ, ಒಳಗೆಲ್ಲ ಹುಲ್ಲಿನ ನಾರೇ ಇರುವುದರಿಂದ ಗುಡಿಸಿ ತೆಗೆಯಲು ಸುಲಭ. ಘಾಟು ಹುಟ್ಟುವುದು ಮೂತ್ರದಿಂದ, ಅದೂ ತಾಜಾ ಮೂತ್ರದಿಂದಲ್ಲ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಅನಿಲ ಹೊರಬರುತ್ತದೆ. ತೇವ ತಾಗಿದ ಯೂರಿಯಾ ಗೊಬ್ಬರದ ಚೀಲ ಬಿಚ್ಚಿದಾಗ ಮೂಗಿಗೆ ಬಡಿಯುವುದೂ ಇದೇ ಅನಿಲ. ಈ ಕ್ರಿಯೆಗೆ ಬೇಕಾದವು ಮೂರು: ಉಳಿದುಕೊಂಡ ಮೂತ್ರ, ತೇವ ಮತ್ತು ಶಾಖ. ಬೆಳಿಗ್ಗೆ ನೀವು ನೀರು ಹೊಡೆದಾಗ ಮೇಲಿನ ಮೂತ್ರ ಹರಿದುಹೋಗುತ್ತದೆ ನಿಜ, ಆದರೆ ಕಟ್ಟಿಗೆಯ ಸಂದಿಗಳಲ್ಲಿ ಕುಳಿತದ್ದು ನೆನೆದು ಅಲ್ಲಿಯೇ ಉಳಿಯುತ್ತದೆ. ಹನ್ನೊಂದು ಗಂಟೆಗೆ ಪತ್ರಾಸು ಕಾಯುತ್ತದೆ. ಮಧ್ಯಾಹ್ನಕ್ಕೆ ವಾಸನೆ ಏಳುತ್ತದೆ. ಗೂಡಿನ ಹಿಂಬದಿಯ ಮೂಲೆಯಲ್ಲಿ, ಹಲಗೆಯೂ ಅಡ್ಡಪಟ್ಟಿಯೂ ಸೇರುವ ಸಂದಿಗೆ ಒಂದು ತೆಳ್ಳನೆಯ ಕಡ್ಡಿ ತೂರಿಸಿ ಎಳೆದು ನೋಡಿ. ಹಳದಿ ಮಿಶ್ರಿತ ಬಿಳಿಯ, ಜಿಗುಟಾದ ಲೇಪವೊಂದು ಕಡ್ಡಿಗೆ ಮೆತ್ತಿಕೊಂಡು ಬರುತ್ತದೆ, ಅದರೊಳಗೆ ಉದುರಿದ ಕೂದಲು ನೂಲಿನಂತೆ ಸುತ್ತಿಕೊಂಡಿರುತ್ತದೆ, ಕಡ್ಡಿಯನ್ನು ಮೂಗಿನ ಬಳಿ ತಂದರೆ ಕಣ್ಣು ಉರಿಯುತ್ತದೆ. ಫಿನೈಲು ಅಲ್ಲಿಯವರೆಗೆ ತಲುಪುವುದಿಲ್ಲ; ಅದು ತನ್ನ ವಾಸನೆಯನ್ನು ಮೇಲೆ ಹೊದಿಸುತ್ತದೆ ಅಷ್ಟೇ.

ನಮಗೆ ಈ ವಾಸನೆ ನಿಂತ ಎತ್ತರದಲ್ಲಿ, ಗಾಳಿಯಾಡುವ ಕಡೆ, ಕೆಲವು ನಿಮಿಷ ತಾಗುತ್ತದೆ. ಮೊಲದ ಮೂಗು ನೆಲದಿಂದ ಎರಡು ಮೂರು ಅಂಗುಲದ ಮೇಲೆ, ಇಪ್ಪತ್ತನಾಲ್ಕು ಗಂಟೆಯೂ ಅದರಲ್ಲಿಯೇ ಇರುತ್ತದೆ, ಮತ್ತು ಮೊಲ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಅಮೋನಿಯಾ ಮೂಗಿನ ಒಳಪದರವನ್ನು ಕೆರಳಿಸಿದ ಮೇಲೆ ಪಾಶ್ಚುರೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳಿಗೆ ದಾರಿ ತೆರೆದಂತಾಗುತ್ತದೆ: ಪದೇ ಪದೇ ಸೀನು, ಬಿಳಿ ಸಿಂಬಳ, ಮೂಗೊರೆಸಿಕೊಂಡು ಮುಂಗಾಲಿನ ಒಳಭಾಗದ ಕೂದಲು ಅಂಟಂಟಾಗಿ ಜಡೆಗಟ್ಟುವುದು. ಅದಕ್ಕಾಗಿಯೇ ಗೂಡು ನೋಡಲು ಹೋದಾಗ ನಾನು ಮೊದಲು ಮಂಡಿಯೂರಿ ಮೊಲದ ಮಟ್ಟಕ್ಕೆ ಮುಖ ತಂದು ಉಸಿರೆಳೆದುಕೊಳ್ಳುತ್ತೇನೆ. ನೀವೂ ಹಾಗೆ ಮಾಡಿ. ಆ ಮಟ್ಟದಲ್ಲಿ ನಿಮ್ಮ ಮೂಗಿಗೆ ಏನೂ ತಾಗದಿದ್ದರೆ ಗೂಡು ಶುಚಿಯಾಗಿದೆ ಎಂದು ಧೈರ್ಯವಾಗಿ ಹೇಳಬಹುದು.

ಫರಸಿಯ ಮೇಲಿನ ಬಿಳಿ ಕಲೆಗೂ ಕಾರಣ ಮೂತ್ರವೇ. ಬೇರೆ ಪ್ರಾಣಿಗಳು ಆಹಾರದಲ್ಲಿ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಬಹುಮಟ್ಟಿಗೆ ಸಗಣಿಯೊಂದಿಗೆ ಹೊರಹಾಕುತ್ತವೆ; ಮೊಲ ಅದನ್ನು ರಕ್ತಕ್ಕೆ ಹೀರಿಕೊಂಡು ಮೂತ್ರದಲ್ಲಿ ಬಿಡುತ್ತದೆ. ಹಾಗಾಗಿ ಅದರ ಮೂತ್ರ ಸ್ವಲ್ಪ ಮಬ್ಬಾಗಿರುವುದು ಸಹಜ, ಒಣಗಿದಾಗ ಕ್ಯಾಲ್ಸಿಯಂ ಕಾರ್ಬೊನೇಟಿನ ಪದರ ಉಳಿಯುವುದೂ ಸಹಜ. ಕುದುರೆ ಮೆಂತೆಯ ಸೊಪ್ಪನ್ನು ದಿನವೂ ಹಾಕುತ್ತಿದ್ದರೆ, ಅದರಲ್ಲಿ ಕ್ಯಾಲ್ಸಿಯಂ ಹೆಚ್ಚಿರುವುದರಿಂದ ಕಲೆ ದಪ್ಪವಾಗುತ್ತದೆ. ಮರಿಗಳಿಗೆ ಅದು ಒಳ್ಳೆಯ ಮೇವು, ಆರು ಏಳು ತಿಂಗಳು ದಾಟಿದ ಮೊಲಕ್ಕೆ ಅಪರೂಪಕ್ಕೆ ಸಾಕು. ಮೂತ್ರ ಮೊಸರಿನಂತೆ ಗಟ್ಟಿಯಾಗಿ ಬರುತ್ತಿದ್ದರೆ ಅಥವಾ ಮೊಲ ತಿಣುಕುತ್ತಿದ್ದರೆ ಅದು ಕಲ್ಲಿನ ಲಕ್ಷಣವಾಗಿರಬಹುದು, ವೈದ್ಯರು ನೋಡಬೇಕು. ಗಜ್ಜರಿ, ಬೀಟ್‌ರೂಟ್ ತಿಂದ ಮರುದಿನ ಮೂತ್ರ ಕಿತ್ತಳೆ ಅಥವಾ ಕೆಂಪು ಬಣ್ಣಕ್ಕೆ ತಿರುಗುವುದುಂಟು. ಆಹಾರ ಬದಲಿಸಿದ ಮೇಲೆಯೂ ಹಾಗೆಯೇ ಇದ್ದರೆ ಮಾತ್ರ ಚಿಂತಿಸಬೇಕು.

ಈ ಕಲೆ ಹುಳಿಗೆ ಕರಗುತ್ತದೆ. ಪ್ಲಾಸ್ಟಿಕ್ ಬುಟ್ಟಿ, ಸ್ಟೀಲು, ಗ್ಲೇಜ್ ಮಾಡಿದ ಟೈಲ್ಸ್ ಇವುಗಳ ಮೇಲೆ ಬಿಳಿ ವಿನೆಗರ್ ಸುರಿದು ಅರ್ಧ ತಾಸು ಬಿಟ್ಟರೆ ಸಣ್ಣ ನೊರೆಯೆದ್ದು ಪದರ ಮೆತ್ತಗಾಗುತ್ತದೆ, ಆಮೇಲೆ ಗಟ್ಟಿ ಬ್ರಶ್ಶಿನಿಂದ ಉಜ್ಜಿ ತೊಳೆಯಬಹುದು. ವಿನೆಗರ್ ಇಲ್ಲದಿದ್ದರೆ ನಿಂಬೆರಸವೂ ನಡೆಯುತ್ತದೆ. ಆದರೆ ನಿಮ್ಮ ಮಾಳಿಗೆಯ ಫರಸಿಯ ಮೇಲೆ ಇದನ್ನು ಸುರಿಯುವ ಮುನ್ನ ಆ ಕಲ್ಲು ಯಾವುದೆಂದು ನೋಡಬೇಕು. ನಮ್ಮ ಕಡೆ ನೆಲಕ್ಕೆ ಹಾಸುವ ಬೂದು ಬಣ್ಣದ ಫರಸಿ, ಶಹಾಬಾದ್ ಕಲ್ಲು ಇವು ಸುಣ್ಣಕಲ್ಲುಗಳು, ಅವುಗಳಲ್ಲಿ ಇರುವುದೂ ಕ್ಯಾಲ್ಸಿಯಂ ಕಾರ್ಬೊನೇಟೇ. ಹುಳಿ ಕಲೆಯನ್ನು ತಿನ್ನುವಂತೆ ಕಲ್ಲನ್ನೂ ತಿಂದು, ಅದರ ಮೈಯನ್ನು ಒರಟು ಮಾಡುತ್ತದೆ, ಆ ಒರಟಿನಲ್ಲಿ ಮುಂದೆ ಮೂತ್ರ ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತದೆ. ಅಂತಹ ಕಲ್ಲಿನ ಮೇಲಿನ ಪದರವನ್ನು ಕಟ್ಟಿಗೆಯ ಅಥವಾ ಪ್ಲಾಸ್ಟಿಕ್ಕಿನ ಕೆರೆಯುವ ಪಟ್ಟಿಯಿಂದ ತೆಗೆದು, ಬಿಸಿನೀರು ಮತ್ತು ಸಾಬೂನಿನಿಂದ ತೊಳೆದರೆ ಸಾಕು. ಇಳಕಲ್ ಗ್ರಾನೈಟ್ ಆಗಿದ್ದರೆ ಹುಳಿಯ ಭಯವಿಲ್ಲ.

ಫಿನೈಲನ್ನು ಮೊಲಗಳಿರುವ ಜಾಗದಲ್ಲಿ ಬಳಸುವುದನ್ನು ನಿಲ್ಲಿಸಿ. ಮೊಲ ದಿನದಲ್ಲಿ ಹಲವು ಸಲ ತನ್ನ ಪಾದ ಮತ್ತು ಮೈಯನ್ನು ನೆಕ್ಕಿಕೊಳ್ಳುವ ಪ್ರಾಣಿಯಾದ್ದರಿಂದ ನೆಲದ ಮೇಲಿರುವ ರಾಸಾಯನಿಕವೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ. ಸೋಂಕು ಕಳೆಯಬೇಕಾದಾಗ ದ್ರವರೂಪದ ಬ್ಲೀಚನ್ನು ಒಂದು ಪಾಲಿಗೆ ಮೂವತ್ತು ಪಾಲು ನೀರಿನಂತೆ ಬೆರೆಸಿ, ಮೊಲಗಳನ್ನು ಬೇರೆ ಕಡೆ ಬಿಟ್ಟು, ಹತ್ತು ನಿಮಿಷ ನೆನೆಯಲು ಬಿಟ್ಟು, ಚೆನ್ನಾಗಿ ತೊಳೆದು ಒಣಗಿಸಬಹುದು. ಇಲ್ಲಿ ಎರಡು ಎಚ್ಚರಿಕೆಗಳು ಕಡ್ಡಾಯ. ಮೂತ್ರ ನಿಂತಿರುವ ಜಾಗದ ಮೇಲೆ ನೇರವಾಗಿ ಬ್ಲೀಚ್ ಸುರಿದರೆ ಅಮೋನಿಯಾದೊಂದಿಗೆ ಸೇರಿ ಶ್ವಾಸಕೋಶಕ್ಕೆ ಹಾನಿ ಮಾಡುವ ಕ್ಲೋರಮೀನ್ ಅನಿಲ ಏಳುತ್ತದೆ. ವಿನೆಗರಿನೊಂದಿಗೆ ಸೇರಿದರೆ ಕ್ಲೋರಿನ್ ಅನಿಲವೇ ಹೊರಡುತ್ತದೆ. ಆದ್ದರಿಂದ ಮೊದಲು ಸಾಬೂನು ನೀರಿನಿಂದ ಮೂತ್ರವನ್ನು ಪೂರ್ತಿ ತೆಗೆಯಬೇಕು, ಆಮೇಲಷ್ಟೇ ಬ್ಲೀಚು, ಮತ್ತು ವಿನೆಗರ್ ಬಳಸಿದ ದಿನ ಬ್ಲೀಚನ್ನು ಮುಟ್ಟಬಾರದು.

ಈಗ ಗೂಡಿನ ವಿಷಯಕ್ಕೆ ಬರೋಣ. ಮೂರು ಅಡಿಯ ಗೂಡಿನಲ್ಲಿ ಎರಡು ಬೆಳೆದ ಮೊಲಗಳು ಇರಲಾರವು. ಮೊಲ ನಾಲ್ಕಾರು ಸಲ ಕುಪ್ಪಳಿಸುವಷ್ಟು ಉದ್ದ, ಹಿಂಗಾಲಿನ ಮೇಲೆ ನೆಟ್ಟಗೆ ನಿಂತಾಗ ಕಿವಿ ಮೇಲಿನ ಹಲಗೆಗೆ ತಾಗದಷ್ಟು ಎತ್ತರ ಬೇಕು. ಬ್ರಿಟನ್ನಿನ ಮೊಲ ಕಲ್ಯಾಣ ಸಂಸ್ಥೆ ಎರಡು ಮೊಲಗಳಿಗೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗವನ್ನು ಸೂಚಿಸುತ್ತದೆ, ಅಂದರೆ ಸುಮಾರು ಹತ್ತು ಅಡಿಗೆ ಆರೂವರೆ ಅಡಿ. ಇಷ್ಟು ದೊಡ್ಡ ಪಂಜರವನ್ನು ಮಾಡಿಸುವುದು ಕಷ್ಟವೆನಿಸಿದರೆ ಪಂಜರದ ವಿಚಾರವನ್ನೇ ಬಿಟ್ಟು, ನೆಲಮಹಡಿಯ ಪಡಸಾಲೆಯ ಒಂದು ಮೂಲೆಯನ್ನೋ, ಜಿನೆಯ ಕೆಳಗಿನ ಜಾಗವನ್ನೋ ಮೂರಡಿ ಎತ್ತರದ ಜಾಳಿಗೆಯ ಬೇಲಿಯಿಂದ ಬೇರೆ ಮಾಡಿ ಕೊಡಿ. ಜಾಗ ದೊಡ್ಡದಾದಷ್ಟೂ ಶುಚಿ ಸುಲಭವಾಗುತ್ತದೆ ಎಂಬುದು ಹೊಸಬರಿಗೆ ನಂಬಲು ಕಷ್ಟ. ಆದರೆ ಮೊಲಕ್ಕೆ ಹುಟ್ಟಿನಿಂದಲೇ ಒಂದು ಮೂಲೆಯಲ್ಲಿ ಮೂತ್ರ ಮಾಡಿ ಬೇರೆ ಕಡೆ ಮಲಗುವ ಸ್ವಭಾವವಿದೆ. ಇಕ್ಕಟ್ಟಾದ ಗೂಡಿನಲ್ಲಿ ಮಲಗುವ ಜಾಗವೂ ಮೂಲೆಯೂ ಒಂದೇ ಆಗುವುದರಿಂದ ಆ ಸ್ವಭಾವ ಕೆಲಸಕ್ಕೆ ಬರುವುದಿಲ್ಲ.

ಆ ಸ್ವಭಾವವನ್ನೇ ನಾವು ಬಳಸಿಕೊಳ್ಳಬೇಕು. ಒಂದೂವರೆ ಅಡಿ ಉದ್ದ, ಒಂದು ಅಡಿ ಅಗಲ, ಆರು ಅಂಗುಲ ಎತ್ತರದ ಪ್ಲಾಸ್ಟಿಕ್ ಟಬ್ಬುಗಳನ್ನು ನಾಲ್ಕು ತನ್ನಿ. ಮೊದಲ ಕೆಲವು ದಿನ ಮೊಲಗಳು ಯಾವ ಮೂಲೆಯನ್ನು ಆರಿಸಿಕೊಳ್ಳುತ್ತವೆ ಎಂದು ನೋಡಿ ಎರಡು ಟಬ್ಬುಗಳನ್ನು ಅಲ್ಲಿಯೇ ಇಡಬೇಕು. ನಮಗೆ ಅನುಕೂಲವಾದ ಮೂಲೆಯಲ್ಲಿಟ್ಟು ಮೊಲ ಅಲ್ಲಿಗೆ ಬರಲಿ ಎಂದರೆ ಬರುವುದಿಲ್ಲ. ತಳಕ್ಕೆ ಏಳೆಂಟು ಪದರ ಹಳೆಯ ವೃತ್ತಪತ್ರಿಕೆ, ಅದರ ಮೇಲೆ ಎರಡು ಅಂಗುಲ ದಪ್ಪ ಸಣ್ಣಗೆ ಕತ್ತರಿಸಿದ ಒಣ ಜೋಳದ ಕಣಿಕೆ ಅಥವಾ ಗೋದಿಯ ಒಣಹುಲ್ಲು, ಒಂದು ತುದಿಯಲ್ಲಿ ತಿನ್ನಲು ತಾಜಾ ಒಣಹುಲ್ಲಿನ ರಾಶಿ. ಮೊಲ ಹುಲ್ಲು ಜಗಿಯುತ್ತ ಹಿಕ್ಕೆ ಹಾಕುವ ಪ್ರಾಣಿ, ಆದುದರಿಂದ ಹುಲ್ಲು ಟಬ್ಬಿನಲ್ಲೇ ಇದ್ದರೆ ಅರ್ಧ ಕಲಿಕೆ ತಾನಾಗಿ ಆಗುತ್ತದೆ. ಹೊರಗೆ ಬಿದ್ದ ಹಿಕ್ಕೆಗಳನ್ನು ಮೊದಲಿಗೆ ಟಬ್ಬಿನೊಳಗೆ ಹಾಕಿ, ಮೂತ್ರ ತಾಗಿದ ಒಂದು ತುಂಡು ಕಾಗದವನ್ನೂ ಅಲ್ಲಿಯೇ ಬಿಡಿ. ಹೊರಗೆ ಮೂತ್ರ ಮಾಡಿದ್ದಕ್ಕೆ ಗದರಿಸಿದರೆ ಮೊಲ ಹೆದರುತ್ತದೆಯೇ ಹೊರತು ಕಲಿಯುವುದಿಲ್ಲ.

ಹಾಸಿಗೆಗೆ ಸಾಮಿಲ್ಲಿನ ಹೊಟ್ಟು ಅಗ್ಗವಾಗಿ ಸಿಗುತ್ತದೆಂದು ಹಲವರು ತರುತ್ತಾರೆ. ಅದರ ಧೂಳು ಮೊಲದ ಮೂಗಿಗೆ ಕೆಟ್ಟದು. ಪೈನ್, ದೇವದಾರು ಜಾತಿಯ ಮರಗಳ ಹೊಟ್ಟಿನಿಂದ ಬರುವ ಸುವಾಸನೆಯ ಅಂಶಗಳು ಯಕೃತ್ತಿನ ಮೇಲೂ ಪರಿಣಾಮ ಮಾಡುತ್ತವೆ, ಮತ್ತು ಅಲ್ಲಿ ಯಾವ ಮರಕ್ಕೆ ಯಾವ ಔಷಧ ಹೊಡೆದಿದ್ದಾರೆಂದು ನಮಗೆ ತಿಳಿಯುವುದಿಲ್ಲ. ಮುಧೋಳ, ಜಮಖಂಡಿಯ ಕಡೆಯವರು ಗಾಣದಿಂದ ಕಬ್ಬಿನ ಸಿಪ್ಪೆ ತಂದು ಹಾಸಬಹುದೇ ಎಂದು ಕೇಳುತ್ತಿರುತ್ತಾರೆ. ಅದು ನೀರು ಹೀರುವುದು ಚೆನ್ನಾಗಿಯೇ, ಆದರೆ ಉಳಿದ ಸಕ್ಕರೆಯ ಅಂಶಕ್ಕೆ ಇರುವೆ ಮುತ್ತುತ್ತದೆ, ತೇವದಲ್ಲಿ ಬೇಗ ಬೂಸು ಹಿಡಿಯುತ್ತದೆ, ನಾನು ಬೇಡವೆನ್ನುತ್ತೇನೆ. ಜೋಳದ ಕಣಿಕೆಯೂ ಪೂರ್ತಿ ಬಲಿತು ಒಣಗಿದ್ದಾಗಿರಬೇಕು. ಎಳೆಯ ಹಸಿ ಜೋಳದ ಬೆಳೆಯಲ್ಲಿ ಸೈನೈಡ್ ವಿಷದ ಅಂಶವಿರುವುದು ದನ ಕಟ್ಟಿದ ಪ್ರತಿಯೊಬ್ಬರಿಗೂ ಗೊತ್ತು, ಮೊಲ ಹಾಸಿಗೆಯನ್ನೂ ತಿನ್ನುವುದರಿಂದ ಅದೇ ಎಚ್ಚರಿಕೆ ಇಲ್ಲಿಯೂ ಬೇಕು.

ನಾಲ್ಕು ಟಬ್ಬು ಏಕೆ ಎಂದರೆ, ಎರಡು ಬಳಕೆಯಲ್ಲಿರುವಾಗ ಇನ್ನೆರಡು ಬಿಸಿಲಿನಲ್ಲಿರಬೇಕು. ಬಾಗಲಕೋಟೆ, ವಿಜಯಪುರದ ಬಿಸಿಲಿನಷ್ಟು ಒಳ್ಳೆಯ ಶುಚಿಕಾರಕ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಬೆಳಿಗ್ಗೆ ಎರಡೂ ಟಬ್ಬುಗಳನ್ನು ಕಾಗದದ ಸಮೇತ ಮಗುಚಿ ಖಾಲಿ ಮಾಡಿ, ಸ್ವಲ್ಪ ನೀರಿನಲ್ಲಿ ಉಜ್ಜಿ, ಮಾಳಿಗೆಯ ಮೇಲೆ ಬೋರಲು ಹಾಕದೆ ತೆರೆದ ಬಾಯಿ ಸೂರ್ಯನ ಕಡೆಗಿರುವಂತೆ ಇಟ್ಟು, ಒಣಗಿದ ಜೋಡಿಯನ್ನು ಕೆಳಗೆ ತನ್ನಿ. ಚಾಪೆಗಳಿಗೂ ಇದೇ ಕ್ರಮ. ಮೊಲಗಳು ಓಡಾಡುವ ನೆಲಕ್ಕೆ ದಿನವೂ ಕಸಬರಿಗೆ ಮಾತ್ರ ಸಾಕು, ಮೂತ್ರ ಬಿದ್ದ ಕಡೆ ಒದ್ದೆ ಬಟ್ಟೆಯಿಂದ ಒರೆಸಿ ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಬೇಕು. ವಾರಕ್ಕೊಮ್ಮೆ ನೆಲವನ್ನು ಸಾಬೂನು ನೀರಿನಿಂದ ತೊಳೆಯಿರಿ, ಆದರೆ ಅದು ಪೂರ್ತಿ ಒಣಗಿದ ಮೇಲೆಯೇ ಮೊಲಗಳನ್ನು ಒಳಗೆ ಬಿಡಿ. ಮೂತ್ರ ಹೀರಿದ ನಿಮ್ಮ ಹಳೆಯ ಗೂಡಿನ ಕಟ್ಟಿಗೆಯನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ. ತಳದ ಹಲಗೆಗಳನ್ನು ತೆಗೆದುಹಾಕಿ, ಮೇಲ್ಭಾಗ ಚೆನ್ನಾಗಿದ್ದರೆ ಎರಡು ಬಾಗಿಲು ಕೊರೆಸಿ ಮಲಗುವ ಪೆಟ್ಟಿಗೆಯಾಗಿ ಬಳಸಬಹುದು. ಒಂದು ಮೊಲ ಇನ್ನೊಂದನ್ನು ಮೂಲೆಗೊತ್ತಿದಾಗ ತಪ್ಪಿಸಿಕೊಳ್ಳಲು ಎರಡನೆಯ ಬಾಗಿಲು ಬೇಕೇ ಬೇಕು.

ದಿನವೂ ಹಿಕ್ಕೆ ತೆಗೆಯಬೇಕೆನ್ನುವುದಕ್ಕೆ ವಾಸನೆಗಿಂತ ದೊಡ್ಡ ಕಾರಣವೊಂದಿದೆ. ಕಾಕ್ಸಿಡಿಯಾ ಎಂಬ ಪರೋಪಜೀವಿ ಮೊಲದ ಕರುಳು ಮತ್ತು ಯಕೃತ್ತನ್ನು ಹಿಡಿಯುತ್ತದೆ, ಮರಿಗಳಲ್ಲಿ ಭೇದಿಯಾಗಿ ಜೀವವನ್ನೇ ತೆಗೆಯುತ್ತದೆ. ಹಿಕ್ಕೆಯೊಂದಿಗೆ ಹೊರಬಿದ್ದ ಅದರ ಕೋಶಗಳು ಆ ಕ್ಷಣದಲ್ಲಿ ರೋಗ ಹರಡಲಾರವು. ಬೆಚ್ಚಗೆ ತೇವವಿದ್ದರೆ ಒಂದರಿಂದ ಮೂರು ದಿನಗಳಲ್ಲಿ ಬಲಿತು ಸೋಂಕುಕಾರಕವಾಗುತ್ತವೆ. ಇಪ್ಪತ್ತನಾಲ್ಕು ಗಂಟೆಗೊಮ್ಮೆ ಹಿಕ್ಕೆ ತೆಗೆದು ಜಾಗವನ್ನು ಒಣಗಿಸಿದರೆ ಆ ಸರಪಳಿ ತುಂಡಾಗುತ್ತದೆ. ಬ್ಲೀಚು, ಫಿನೈಲುಗಳಿಗೆ ಈ ಕೋಶಗಳು ಜಗ್ಗುವುದಿಲ್ಲ, ಕುದಿಯುವ ನೀರು ಮತ್ತು ಒಣ ಶಾಖಕ್ಕೆ ಸಾಯುತ್ತವೆ. ತೆಗೆದ ಹಿಕ್ಕೆಯನ್ನು ಗಟಾರಕ್ಕೆ ಎಸೆಯಬೇಡಿ. ಒಳ್ಳೆಯ ಗೊಬ್ಬರ ಅದು, ಮುಚ್ಚಿದ ಡಬ್ಬಿಯಲ್ಲಿ ಕೊಳೆಸಿ ಗುಲಾಬಿ, ನುಗ್ಗೆ ಗಿಡಗಳಿಗೆ ಹಾಕಬಹುದು.

ಒಂದು ಬಗೆಯ ಹಿಕ್ಕೆಯನ್ನು ಮಾತ್ರ ಬೇರೆಯಾಗಿ ಗುರುತಿಸಬೇಕು. ಮೊಲ ದಿನಕ್ಕೊಂದೆರಡು ಸಲ ಮೆತ್ತನೆಯ, ಹೊಳೆಯುವ, ದ್ರಾಕ್ಷಿ ಗೊನೆಯಂತೆ ಕೂಡಿಕೊಂಡಿರುವ ಮಲವನ್ನು ವಿಸರ್ಜಿಸಿ ಆಗಿಂದಾಗ್ಗೆ ಬಾಯಿಟ್ಟು ತಿಂದುಬಿಡುತ್ತದೆ. ಅದು ಕೆಟ್ಟ ಚಾಳಿಯಲ್ಲ, ಬಿ ಗುಂಪಿನ ಜೀವಸತ್ವಗಳು ಮೊಲಕ್ಕೆ ಸಿಗುವ ದಾರಿಯೇ ಅದು; ತಡೆಯಬಾರದು. ಆದರೆ ಆ ಮೆತ್ತನೆಯ ಮಲ ನೆಲದಲ್ಲಿ ತುಳಿದು ಹರಡಿದ್ದರೆ, ಹಿಂಭಾಗದ ಕೂದಲಿಗೆ ಮೆತ್ತಿದ್ದರೆ, ತಿನ್ನಿಸುವ ಪದಾರ್ಥದಲ್ಲಿ ಹೆಚ್ಚುಕಡಿಮೆಯಾಗಿದೆ ಎಂದೇ ತಿಳಿಯಬೇಕು. ನಮ್ಮ ಮನೆಗಳಲ್ಲಿ ಮಕ್ಕಳು ಪ್ರೀತಿಯಿಂದ ಬಿಸ್ಕಿಟ್, ಕಟಕ್ ರೊಟ್ಟಿಯ ಚೂರು, ಗೋವಿನಜೋಳದ ಕಾಳು ಕೊಡುತ್ತಾರೆ. ಪಿಷ್ಟ ಹೆಚ್ಚಾದಷ್ಟೂ ಮಲ ಸಡಿಲವಾಗುತ್ತದೆ, ಗೂಡು ಹೊಲಸಾಗುತ್ತದೆ. ಆಹಾರದಲ್ಲಿ ಎಂಟಾಣೆಗಿಂತ ಬಹಳ ಹೆಚ್ಚು ಪಾಲು, ನೂರಕ್ಕೆ ಎಂಬತ್ತರಷ್ಟು, ಹುಲ್ಲೇ ಆಗಿರಬೇಕು: ಒಣಹುಲ್ಲು, ಕರಿಕೆ ಹುಲ್ಲು. ಉಳಿದದ್ದು ಸ್ವಲ್ಪ ಕೊತ್ತಂಬರಿ, ಮೂಲಂಗಿ ಸೊಪ್ಪು. ಗಜ್ಜರಿ ಬೆರಳುದ್ದದ ತುಂಡು, ಅದೂ ಯಾವಾಗಲಾದರೊಮ್ಮೆ.

ಹಿಂಭಾಗ ಹೊಲಸಾಗಿದ್ದರೆ ನೊಣ ಕೂರುತ್ತದೆ, ನೊಣ ಕೂತರೆ ಮೊಟ್ಟೆಯಿಡುತ್ತದೆ, ಒಂದೇ ದಿನದೊಳಗೆ ಹುಳುಗಳು ಹೊರಬಂದು ಜೀವಂತ ಮೊಲದ ಚರ್ಮವನ್ನು ತಿನ್ನತೊಡಗುತ್ತವೆ. ಬೇಸಿಗೆ ಮತ್ತು ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ ಮೊಲವನ್ನು ಎತ್ತಿ ಬಾಲದ ಕೆಳಗೆ ನೋಡುವುದು ತಪ್ಪಬಾರದು. ಹುಳು ಕಂಡರೆ ಅದು ಗಂಟೆಗಳ ಲೆಕ್ಕದ ಕೆಲಸ, ಆ ದಿನವೇ ಆಸ್ಪತ್ರೆಗೆ ಒಯ್ಯಬೇಕು. ಸ್ನಾನದ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ: ಮೊಲಕ್ಕೆ ಸ್ನಾನ ಬೇಡ. ನೀರಿಗೆ ಹಾಕಿದಾಗ ಹೆದರಿ ಹಿಂಗಾಲು ಝಾಡಿಸಿದರೆ ಬೆನ್ನೆಲುಬು ಮುರಿಯುವಷ್ಟು ಅದರ ಎಲುಬು ಹಗುರ. ಒಳಗೂದಲು ತೊಯ್ದರೆ ಬೇಗ ಒಣಗದೆ ಮೈ ತಣ್ಣಗಾಗುತ್ತದೆ. ಹೊಲಸಾದ ಭಾಗವನ್ನಷ್ಟೇ ಉಗುರು ಬೆಚ್ಚಗಿನ ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ. ಕೂದಲುದುರುವ ಕಾಲದಲ್ಲಿ ಮೆತ್ತನೆಯ ಬ್ರಶ್ಶಿನಿಂದ ಬಾಚಿ. ಮೈಯಲ್ಲಿ ಕಜ್ಜಿ, ಕಿವಿಯೊಳಗೆ ಕಂದು ಹಕ್ಕಳೆ ಕಂಡರೆ ನುಸಿಯಿಂದ ಬರುವ ರೋಗ, ಔಷಧವಿದೆ. ಆದರೆ ನಾಯಿಯ ಮೈಯ ಉಣ್ಣಿಗೆ ಹಚ್ಚುವ ಫಿಪ್ರೊನಿಲ್ ಇರುವ ಔಷಧವನ್ನು ಮೊಲಕ್ಕೆ ಎಂದಿಗೂ ಹಚ್ಚಬಾರದು, ಅದು ಮೊಲಕ್ಕೆ ವಿಷ. ಕಜ್ಜಿ, ಗಜಕರ್ಣ ಮಕ್ಕಳಿಗೂ ಅಂಟಬಹುದಾದ್ದರಿಂದ ಗೂಡಿನ ಕೆಲಸದ ನಂತರ ಮಗಳಿಗೆ ಸಾಬೂನಿನಿಂದ ಕೈ ತೊಳೆಸಿ.

ಬೇಸಿಗೆಯ ಬಗ್ಗೆ ನಿಮ್ಮ ಹೆದರಿಕೆ ಸರಿಯಾದದ್ದೇ. ಮೊಲ ಬೆವರುವುದಿಲ್ಲ, ನಾಯಿಯಂತೆ ತೇಕಿ ಶಾಖ ಕಳೆಯುವ ಶಕ್ತಿಯೂ ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಮೈಯ ಶಾಖ ಹೊರಹೋಗುವುದು ಮುಖ್ಯವಾಗಿ ಕಿವಿಗಳ ರಕ್ತನಾಳಗಳಿಂದ. ಗಾಳಿಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಅದಕ್ಕೆ ಸಂಕಟ ಆರಂಭವಾಗುತ್ತದೆ, ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವುದು ವಾಡಿಕೆ, ಪತ್ರಾಸಿನ ಕೆಳಗೆ ಅದಕ್ಕೂ ಹೆಚ್ಚು. ಮಾಳಿಗೆಯಿಂದ ಮೊಲಗಳನ್ನು ಫೆಬ್ರವರಿಯೊಳಗೆ ಕೆಳಗಿಳಿಸಿ; ಇದಕ್ಕೆ ಬದಲಿ ಉಪಾಯವಿಲ್ಲ. ಹಳೆಯ ಮೇಲ್ಮುದ್ದೆಯ ಮನೆಯಿದ್ದವರಿಗೆ ದಪ್ಪ ಮಣ್ಣಿನ ಮಾಳಿಗೆಯ ಕೆಳಗಿನ ಕೋಣೆಯೇ ಒಳ್ಳೆಯ ಜಾಗ. ಗಾಳಿ ಬರುವ ಕಿಟಕಿಗೆ ತೊಯ್ಸಿದ ಗೋಣಿಚೀಲ ಇಳಿಬಿಟ್ಟರೆ ನಮ್ಮ ಒಣಹವೆಯಲ್ಲಿ ಕೋಣೆ ಚೆನ್ನಾಗಿ ತಂಪಾಗುತ್ತದೆ, ಏರ್ ಕೂಲರ್ ಕೂಡ ಅದೇ ತತ್ವದಲ್ಲಿ ನಡೆಯುತ್ತದೆ. ಆದರೆ ಎದುರಿನ ಕಿಟಕಿ ತೆರೆದಿರಬೇಕು, ಗೋಣಿಯ ನೀರು ಹಾಸಿಗೆಯ ಮೇಲೆ ತೊಟ್ಟಿಕ್ಕಬಾರದು, ಇಲ್ಲವಾದರೆ ತೇವವೂ ಅಮೋನಿಯಾವೂ ಒಳಗೇ ಉಳಿಯುತ್ತವೆ. ನೀರು ತುಂಬಿ ಫ್ರೀಜರಿನಲ್ಲಿಟ್ಟ ಬಾಟಲಿಗೆ ಬಟ್ಟೆ ಸುತ್ತಿ ಇಟ್ಟರೆ ಮೊಲ ಅದಕ್ಕೆ ಒರಗಿ ಮಲಗುತ್ತದೆ. ಕುಡಿಯುವ ನೀರನ್ನು ಉರುಳದಂತಹ ಅಗಲವಾದ ಮಣ್ಣಿನ ಪಾತ್ರೆಯಲ್ಲಿ ಕೊಟ್ಟು, ದಿನಕ್ಕೆರಡು ಸಲ ಬದಲಿಸಿ. ಬಾಯಿ ತೆರೆದು ಉಸಿರಾಡುವುದು, ಜೊಲ್ಲು, ಕಿವಿ ಕೆಂಪಾಗಿ ಬಿಸಿಯಾಗಿರುವುದು, ಎದ್ದು ನಿಲ್ಲಲಾರದಿರುವುದು ಕಂಡರೆ ಕಿವಿಗಳನ್ನು ತಣ್ಣೀರಿನ ಬಟ್ಟೆಯಿಂದ ಒದ್ದೆ ಮಾಡುತ್ತಲೇ ವೈದ್ಯರ ಕಡೆ ಹೊರಡಿ. ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಬೇಡಿ.

ಬೆಳಗಾವಿ, ಖಾನಾಪುರದ ಕಡೆಯ ಓದುಗರಿಗೆ ತೊಂದರೆ ತಿರುಗುಮುರುಗು. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಬ್ಬು ಒಣಗುವ ಬಿಸಿಲೇ ಇರುವುದಿಲ್ಲ, ಹುಲ್ಲಿಗೆ ಬೂಸು ಬರುತ್ತದೆ, ಗೋಣಿಯ ಉಪಾಯ ಉಪಯೋಗಕ್ಕೆ ಬರುವುದಿಲ್ಲ. ಮಳೆಗೆ ಮುನ್ನವೇ ನಾಲ್ಕು ತಿಂಗಳ ಒಣಹುಲ್ಲನ್ನು ನೆಲದಿಂದ ಒಂದಡಿ ಎತ್ತರದ ಹಲಗೆಯ ಮೇಲೆ ಕೂಡಿಡಿ, ಕಾಗದದ ಪದರಗಳನ್ನು ಹೆಚ್ಚಿಸಿ ದಿನಕ್ಕೆರಡು ಸಲ ಬದಲಿಸಿ, ತೊಳೆದ ಟಬ್ಬನ್ನು ಫ್ಯಾನಿನ ಕೆಳಗೆ ಒಣಗಿಸಿ. ಬೂಸು ಹಿಡಿದ ಹುಲ್ಲನ್ನು ಹಾಸಲೂ ಬಾರದು.

ಉಳಿದಿರುವುದು ನಿಮ್ಮ ಮೊಲಗಳ ಲಿಂಗದ ವಿಚಾರ. ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸುವುದು ಅಭ್ಯಾಸವಿದ್ದವರಿಗೂ ಕಷ್ಟವಾದ್ದರಿಂದ ಅಂಗಡಿಯ ಮಾತನ್ನು ಪೂರ್ತಿ ನಂಬಬೇಡಿ. ಪ್ರಾಯಕ್ಕೆ ಬಂದ ಗಂಡು ಮೊಲ ತನ್ನ ಜಾಗವನ್ನು ಗುರುತಿಸಲು ಗೋಡೆ, ಬೇಲಿ, ಜೊತೆಯ ಮೊಲದ ಮೇಲೂ ಮೂತ್ರ ಚಿಮುಕಿಸುತ್ತದೆ. ಎಷ್ಟು ಕಲಿಸಿದರೂ ಟಬ್ಬಿಗೆ ನಿಲ್ಲುವುದಿಲ್ಲ, ಆ ಮೂತ್ರದ ವಾಸನೆಯೂ ಬೇರೆಯೇ ಗಾಢ. ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ ಇದು ಬಹಳ ಮಟ್ಟಿಗೆ ನಿಲ್ಲುತ್ತದೆ, ಹೆಣ್ಣಿಗೆ ವಯಸ್ಸಾದಂತೆ ಬರುವ ಗರ್ಭಕೋಶದ ಕ್ಯಾನ್ಸರಿನ ಅಪಾಯವೂ ತಪ್ಪುತ್ತದೆ. ಮೊಲಕ್ಕೆ ಅರಿವಳಿಕೆ ಕೊಟ್ಟು ರೂಢಿಯಿರುವ ವೈದ್ಯರನ್ನೇ ಹುಡುಕಿ, ಮತ್ತು ಶಸ್ತ್ರಚಿಕಿತ್ಸೆಗೆ ಮುನ್ನ ಮೊಲವನ್ನು ಉಪವಾಸ ಕೆಡವಬಾರದು ಎಂಬುದನ್ನು ನೆನಪಿಡಿ, ಏಕೆಂದರೆ ಮೊಲ ವಾಂತಿ ಮಾಡುವುದಿಲ್ಲ, ಅದರ ಕರುಳು ಖಾಲಿಯಾಗಿ ನಿಲ್ಲುವುದೇ ಅಪಾಯ. ಕಾಲು ತೋರಿಸಲು ಆಸ್ಪತ್ರೆಗೆ ಹೋದಾಗ ಎರಡನ್ನೂ ಒಯ್ದು ಲಿಂಗವನ್ನು ಖಚಿತ ಮಾಡಿಸಿಕೊಳ್ಳಿ. ಮೊಲದ ಗರ್ಭಾವಧಿ 30ರಿಂದ 32 ದಿನ, ಈದ ದಿನವೇ ಅದು ಮತ್ತೆ ಗರ್ಭ ಧರಿಸಬಲ್ಲದು. ಆದ್ದರಿಂದ ಪರೀಕ್ಷೆಯಾಗುವವರೆಗೆ ಎರಡರ ನಡುವೆ ಜಾಳಿಗೆಯ ತಡೆ ಹಾಕಿ, ಒಂದನ್ನೊಂದು ನೋಡುವಂತೆ ಆದರೆ ಸೇರದಂತೆ ಇಡಿ.